ಅದೇ ಕೈ, ಅದೇ ಚೆಂಡು



ಇವತ್ತು ರಾಜಕಾರಣ ಬೇಡ. ಸ್ವಲ್ಪ ಹೊತ್ತು ಅದನ್ನ ಪಕ್ಕಕ್ಕಿಡೋಣ. ನಾನು ನಿಮಗೆ ಅಮೆರಿಕದ ಒಬ್ಬ ಬೇಸ್‌ಬಾಲ್ ಆಟಗಾರನ ಕಥೆ ಹೇಳ್ತೀನಿ. ‘ಬೇಸ್‌ಬಾಲಾ? ನಮಗೂ ಅದಕ್ಕೂ ಏನ್ರೀ ಸಂಬಂಧ?’ ಅಂತ ನೀವು ಕೇಳಬಹುದು. ಕೇಳಿ, ತಪ್ಪೇನಿಲ್ಲ. ಆದ್ರೆ ಕಥೆ ಮುಗಿಯೋವರೆಗೂ ರಿಮೋಟ್ ಮುಟ್ಟಬೇಡಿ.

ಅವನ ಹೆಸರು ರಿಕ್ ಆಂಕೀಲ್. ಫ್ಲಾರಿಡಾದ ಹುಡುಗ, ಎಡಗೈ ಪಿಚರ್. ಪಿಚರ್ ಅಂದ್ರೆ ನಮ್ಮ ಕ್ರಿಕೆಟ್‌ನ ಬೌಲರ್ ಇದ್ದ ಹಾಗೆ. ನಮ್ಮಲ್ಲಿ ವಿಕೆಟ್‌ನಿಂದ ವಿಕೆಟ್‌ಗೆ 66 ಅಡಿ, ಅಲ್ಲಿ ಪಿಚರ್ ಎಸೆಯಬೇಕಾದ ದೂರ 60 ಅಡಿ 6 ಇಂಚು. ಓಡಿ ಬರೋ ಹಾಗಿಲ್ಲ, ನಿಂತಲ್ಲಿಂದಲೇ ಎಸೀಬೇಕು. 1997ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಈ ಹುಡುಗನಿಗೆ 25 ಲಕ್ಷ ಡಾಲರ್ ಕೊಟ್ಟು ಸಹಿ ಹಾಕಿಸಿಕೊಂಡಿತು. ಆಗಿನ್ನೂ ಅವನು ಹೈಸ್ಕೂಲು ಮುಗಿಸಿದ್ದನಷ್ಟೆ. 2000ನೇ ಇಸವಿಯಲ್ಲಿ 175 ಇನಿಂಗ್ಸ್ ಎಸೆದು 194 ಬ್ಯಾಟರ್‌ಗಳನ್ನ ಸ್ಟ್ರೈಕ್‌ಔಟ್ ಮಾಡಿದ, 11 ಪಂದ್ಯ ಗೆದ್ದ. ವಯಸ್ಸು 21.

ಹೊರಗಿನವರಿಗೆ ಕಂಡಿದ್ದು ಇಷ್ಟೇ. ಅದೇ ವರ್ಷ ಮಾದಕ ವಸ್ತು ಕಳ್ಳಸಾಗಣೆ ಪ್ರಕರಣದಲ್ಲಿ ಅವನ ಅಪ್ಪನಿಗೆ ಜೈಲು ಶಿಕ್ಷೆಯಾಗಿತ್ತು. ಹುಡುಗ ಅದನ್ನ ನುಂಗಿಕೊಂಡು ಆಡುತ್ತಿದ್ದ.

ಅಕ್ಟೋಬರ್ 3, 2000. ಪ್ಲೇಆಫ್‌ನ ಮೊದಲ ಪಂದ್ಯ, ಎದುರಾಳಿ ಅಟ್ಲಾಂಟಾ ಬ್ರೇವ್ಸ್. ಕಾರ್ಡಿನಲ್ಸ್ ಮೊದಲ ಇನಿಂಗ್ಸ್‌ನಲ್ಲೇ ಆರು ರನ್ ಹೊಡೆದು ಕೂತಿದೆ. ಎರಡು ಇನಿಂಗ್ಸ್ ಆಂಕೀಲ್ ಆರಾಮಾಗಿ ಮುಗಿಸಿದ. ಮೂರನೆಯದರಲ್ಲಿ ಒಂದು ಚೆಂಡು ಕೈ ಜಾರಿ ಎಲ್ಲೋ ಹೋಯ್ತು. ಆಮೇಲೆ ಇನ್ನೊಂದು. ಮತ್ತೊಂದು. ಕ್ಯಾಚರ್ ಹಿಡಿಯಲಾಗದ ಅಂಥ ಎಸೆತಕ್ಕೆ ವೈಲ್ಡ್ ಪಿಚ್ ಅಂತಾರೆ. ಒಂದೇ ಇನಿಂಗ್ಸ್‌ನಲ್ಲಿ ಐದು ವೈಲ್ಡ್ ಪಿಚ್! 1890ರ ನಂತರ ಯಾವ ಪಿಚರ್‌ಗೂ ಹಾಗಾಗಿರಲಿಲ್ಲ. ತಂಡ ಪಂದ್ಯ ಗೆದ್ದಿತು ಅನ್ನೋದು ಬೇರೆ ಮಾತು. ಮುಂದಿನ ಸರಣಿಯಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧ ಮತ್ತೆ ಇಳಿಸಿದ್ರು. 20 ಎಸೆತಕ್ಕೆ ವಾಪಸ್ ಕರೆಸಿಕೊಂಡ್ರು. ದೇಶವೆಲ್ಲ ಟಿವಿಯಲ್ಲಿ ನೋಡ್ತಾ ಇತ್ತು.

ನಾನು ಇಂಜಿನಿಯರಿಂಗ್ ಓದಿದವನು. ಯಂತ್ರ ನಿಂತುಹೋದ್ರೆ ಯಾವ ಭಾಗ ಕೆಟ್ಟಿದೆ ಅಂತ ಹುಡುಕು, ಬದಲಾಯಿಸು ಅಂತ ನಮಗೆ ಕಲಿಸಿದ್ದು. ಇಲ್ಲಿ ಕೆಟ್ಟ ಭಾಗವೇ ಸಿಗಲಿಲ್ಲ. ಭುಜ ಸರಿ, ಮೊಣಕೈ ಸರಿ, ವೇಗ ಇದೆ. ಇದಕ್ಕೆ ಕ್ರೀಡಾಲೋಕದಲ್ಲಿ ‘ಯಿಪ್ಸ್’ ಅಂತ ಹೆಸರು. ಸಾವಿರಾರು ಸಲ ಯೋಚನೆಯೇ ಇಲ್ಲದೆ ಮಾಡಿದ ಕೆಲಸ ಒಂದು ದಿನ ಯೋಚನೆ ಮಾಡಿದ ತಕ್ಷಣ ಕೈಕೊಡುತ್ತೆ. ಇವನೇ ಮೊದಲಿಗನಲ್ಲ. 1971ರ ವರ್ಲ್ಡ್ ಸೀರೀಸ್‌ನಲ್ಲಿ ಪಿಟ್ಸ್‌ಬರ್ಗ್ ತಂಡವನ್ನ ಗೆಲ್ಲಿಸಿದ ಪಿಚರ್ ಸ್ಟೀವ್ ಬ್ಲಾಸ್‌ಗೆ 1973ರಲ್ಲಿ ಹೀಗೇ ಆಗಿ ಆಟವೇ ಮುಗಿದುಹೋಗಿತ್ತು.

ನನಗೂ ಇದರ ಒಂದು ಸಣ್ಣ ರುಚಿ ಗೊತ್ತು. ಈ ಕುರ್ಚಿಗೆ ಬಂದ ಹೊಸದರಲ್ಲಿ ನೇರಪ್ರಸಾರದ ಮಧ್ಯೆ ಟೆಲಿಪ್ರಾಂಪ್ಟರ್ ನಿಂತುಹೋಯ್ತು. ನಾಲ್ಕೈದು ಸೆಕೆಂಡ್ ಬಾಯಿಂದ ಮಾತೇ ಹೊರಡಲಿಲ್ಲ. ಆ ತುಣುಕು ಎಲ್ಲರ ಮೊಬೈಲ್‌ಗೂ ಹೋಯ್ತು. ಆಮೇಲೆ ಎರಡು ವಾರ ನನ್ನದೇ ಹೆಸರು ಹೇಳೋವಾಗಲೂ ನಾಲಿಗೆ ತಡವರಿಸ್ತಿತ್ತು, ನಂಬ್ತೀರಾ? ನನ್ನದು ಎರಡು ವಾರ. ಆಂಕೀಲ್‌ದು ನಾಲ್ಕು ವರ್ಷಕ್ಕೂ ಹೆಚ್ಚು.

2001ರಲ್ಲಿ ಮರಳಿ ಬಂದ. ಭಯ ತಡೆಯೋಕೆ ಪಂದ್ಯಕ್ಕೆ ಮೊದಲು ವೋಡ್ಕಾ ಕುಡಿದಿದ್ದೆ ಅಂತ ಎಷ್ಟೋ ವರ್ಷದ ಮೇಲೆ ಅವನೇ ಒಪ್ಪಿಕೊಂಡ. ಆಗಲಿಲ್ಲ, ಕೆಳಗಿನ ಲೀಗಿಗೆ ಕಳಿಸಿದ್ರು. ಹಾರ್ವೆ ಡಾರ್ಫ್‌ಮನ್ ಅನ್ನೋ ಕ್ರೀಡಾ ಮನಶ್ಶಾಸ್ತ್ರಜ್ಞರು ಜೊತೆಗೆ ನಿಂತರು. ಅಷ್ಟರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ. 2004ರ ಕೊನೆಗೆ ಮತ್ತೆ ಬಂದು 10 ಇನಿಂಗ್ಸ್ ಚೆನ್ನಾಗಿಯೇ ಎಸೆದ. ಎಲ್ಲರೂ ‘ಅಬ್ಬಾ, ಸರಿಹೋದ’ ಅಂದ್ರು.

ಸರಿಹೋಗಿರಲಿಲ್ಲ. 2005ರ ಮಾರ್ಚ್‌ನಲ್ಲಿ ‘ಇನ್ನು ಪಿಚಿಂಗ್ ಸಾಕು, ಬ್ಯಾಟರ್ ಆಗ್ತೀನಿ’ ಅಂದುಬಿಟ್ಟ. 25ನೇ ವಯಸ್ಸಿನಲ್ಲಿ, ಕೆಳಗಿನ ಲೀಗಿನಿಂದ, ಮತ್ತೆ ಅ ಆ ಇ ಈ. ಮರುವರ್ಷ ಮಂಡಿ ಪೆಟ್ಟು, ಇಡೀ ವರ್ಷ ಹೊರಗೆ. ಆದ್ರೂ ಬಿಡಲಿಲ್ಲ. ಆಗಸ್ಟ್ 9, 2007ರಂದು ಕಾರ್ಡಿನಲ್ಸ್ ಪರವಾಗಿ ಔಟ್‌ಫೀಲ್ಡರ್ ಆಗಿ ಇಳಿದ. ಅದೇ ರಾತ್ರಿ ಮೂರು ರನ್‌ಗಳ ಹೋಂ ರನ್ ಹೊಡೆದ. ಕ್ರೀಡಾಂಗಣವೇ ಎದ್ದು ನಿಂತಿತು.

ಇಲ್ಲಿಗೆ ಕಥೆ ಮುಗಿಸಿದ್ರೆ ಚಂದ. ಆದ್ರೆ ಅದು ಸುದ್ದಿಯವರ ಕೆಲಸ ಆಗಲ್ಲ. ಒಂದೇ ತಿಂಗಳಲ್ಲಿ ಪತ್ರಿಕಾ ವರದಿ ಬಂತು: 2004ರಲ್ಲಿ ಇವನು ಗ್ರೋತ್ ಹಾರ್ಮೋನ್ ತರಿಸಿಕೊಂಡಿದ್ದ ಅಂತ. ವೈದ್ಯರ ಸಲಹೆ ಮೇರೆಗೆ ಪಡೆದಿದ್ದು ಅಂದ ಆಂಕೀಲ್. ಬೇಸ್‌ಬಾಲ್‌ನಲ್ಲಿ ಅದನ್ನ ನಿಷೇಧಿಸಿದ್ದು 2005ರಲ್ಲಿ. ಲೀಗ್ ವಿಚಾರಿಸಿ ಯಾವ ಕ್ರಮವನ್ನೂ ತೆಗೆದುಕೊಳ್ಳಲಿಲ್ಲ. ಆದ್ರೂ ಆ ಕಲೆ ಅಂಟಿತು.

ಮುಂದಿನ ವರ್ಷ 25 ಹೋಂ ರನ್. 2008ರ ಮೇ ತಿಂಗಳ ಒಂದು ಪಂದ್ಯವನ್ನಂತೂ ನೀವು ಹುಡುಕಿ ನೋಡಬೇಕು. ಡೆನ್ವರ್‌ನ ಮೈದಾನದ ಅಂಚಿನಿಂದ ಚೆಂಡೆಸೆದು ಮೂರನೇ ಬೇಸ್‌ನಲ್ಲಿ ಇಬ್ಬರನ್ನ ಔಟ್ ಮಾಡ್ತಾನೆ. ನೆಲಕ್ಕೆ ತಾಗದೆ ನೇರ ಕೈಗೆ! 60 ಅಡಿ ಎಸೆಯಲಾಗದ ಅದೇ ಎಡಗೈ, ಅದರ ನಾಲ್ಕೈದು ಪಟ್ಟು ದೂರದಿಂದ ಗುರಿ ಹೊಡೀತು. 2013ರಲ್ಲಿ ಕೊನೆಯ ಆಟ ಆಡಿದಾಗ ಅವನ ಲೆಕ್ಕದಲ್ಲಿ 76 ಹೋಂ ರನ್ ಇದ್ದವು, ಪಿಚರ್ ಆಗಿ 13 ಗೆಲುವು ಇದ್ದವು.

ಅವನು ಯಿಪ್ಸ್ ಗೆದ್ದನಾ? ಇಲ್ಲ. ಪಿಚಿಂಗ್ ಅವನಿಗೆ ಪೂರ್ತಿಯಾಗಿ ವಾಪಸ್ ಸಿಗಲೇ ಇಲ್ಲ. ಅದನ್ನ ಒಪ್ಪಿಕೊಂಡು ಬಿಟ್ಟಿದ್ದಕ್ಕೇ ಬೇಸ್‌ಬಾಲ್ ಅವನಿಗೆ ಉಳೀತು. ನಾವು ‘ಛಲ ಬಿಡಬೇಡ’ ಅಂತ ಮಕ್ಕಳಿಗೆ ಹೇಳ್ತಾನೇ ಇರ್ತೀವಿ. ಯಾವುದನ್ನ ಬಿಡಬೇಕು ಅಂತ ಹೇಳಿಕೊಡೋರು ಕಡಿಮೆ.

ಕೊನೆಗೆ ಒಂದು ಮಾತು, ಇದು ನಮ್ಮ ಮೇಲೇ ನಾವು ಹಾಕಿಕೊಳ್ಳಬೇಕಾದ ಪ್ರಶ್ನೆ. ಯಾರೋ ಎಡವಿದ ಎಂಟು ಸೆಕೆಂಡಿನ ದೃಶ್ಯಕ್ಕೆ ಕೆಂಪು ವೃತ್ತ ಹಾಕಿ, ಬಾಣ ಹಾಕಿ, ದಿನವಿಡೀ ಓಡಿಸೋರು ನಾವೇ. ನಾನೂ ಮಾಡಿದ್ದೀನಿ. ಆಂಕೀಲ್‌ನ ಆ ಐದು ಎಸೆತಗಳನ್ನ ಎಷ್ಟು ಸಲ ತೋರಿಸಿದ್ರೋ ಲೆಕ್ಕ ಇಟ್ಟವರಿಲ್ಲ. ಅವನು ಮತ್ತೆ ಮೇಲೆ ಬರೋಕೆ ತಗೊಂಡ ಆರೂಮುಕ್ಕಾಲು ವರ್ಷ ಯಾವ ಚಾನೆಲ್‌ನಲ್ಲೂ ದಿನವಿಡೀ ಓಡಲಿಲ್ಲ. ನಾಳೆ ಬೆಳಿಗ್ಗೆ ಸುದ್ದಿಮನೆಗೆ ಹೋದಾಗ ಅಂಥದ್ದೊಂದು ತುಣುಕು ನನ್ನ ಮೇಜಿಗೆ ಬಂದೇ ಬರುತ್ತೆ. ಒಂದು ಸಲ ತೋರಿಸೋಣ, ಸುದ್ದಿ ಅದು. ನೂರನೇ ಸಲ ಯಾಕೆ?

ಯೋಚನೆ ಮಾಡಿ. ನಾನೂ ಮಾಡ್ತೀನಿ.