ಕೂಡಿ ಕಟ್ಟಿದ ಮನೆಗಳು



ನಮ್ಮ ಶಾಲೆಯಲ್ಲಿ ಹುಡುಗನೊಬ್ಬನಿದ್ದ. ಅಕ್ಷರ ಮುತ್ತಿನಂತೆ, ಛಂದಸ್ಸಿನಲ್ಲಿ ಪ್ರಸ್ತಾರ ಹಾಕುವುದರಲ್ಲಿ ತರಗತಿಗೇ ಮೊದಲಿಗ. ಒಮ್ಮೆ ವಾರವಿಡೀ ಅವನು ಮನೆಪಾಠ ಬರೆದು ತರಲಿಲ್ಲ. ಗದರಿ ಕೇಳಿದೆ. "ಮನೆ ಬಿಟ್ಟೆವು ಸಾರ್. ನೋಟ್‌ಬುಕ್ಕು ಯಾವ ಗಂಟಿನಲ್ಲಿ ಸೇರಿದೆಯೋ, ಸಿಕ್ಕಲಿಲ್ಲ" ಎಂದ. ವಿಚಾರಿಸಲಾಗಿ, ಅವನ ತಂದೆ ದುಡಿಯುತ್ತಿದ್ದ ಗಿರಣಿ ಮುಚ್ಚಿತ್ತು. ಗಿರಣಿಯವರು ಕೊಟ್ಟಿದ್ದ ಲೈನ್ ಮನೆಯನ್ನೂ ತೆರವು ಮಾಡಬೇಕಾಗಿ ಬಂದಿತ್ತು. ಕೆಲಸದ ಬೆನ್ನಿಗೇ ತಲೆಯ ಮೇಲಿನ ಸೂರೂ ಹೋಗಿತ್ತು. ಆ ಹುಡುಗನನ್ನು ಗದರಿದ ನನ್ನ ನಾಲಗೆಯನ್ನು ನಾನೇ ಹಳಿದುಕೊಂಡೆ.

ಸಂಸಾರ ನಡೆಸುವವನಿಗೆ ನಮ್ಮ ಹಿರಿಯರು ಗೃಹಸ್ಥ ಎಂದು ಹೆಸರಿಟ್ಟರು. ಗೃಹದಲ್ಲಿ ನೆಲೆ ನಿಂತವನು ಎಂದು ಅದರ ಅರ್ಥ. ನಿಲ್ಲಲು ಮನೆಯೇ ಇಲ್ಲದವನು ಗೃಹಸ್ಥನಾಗುವುದು ಹೇಗೆ? ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಕೈಯಲ್ಲಿ ನಾಲ್ಕು ಕಾಸು ಉಳ್ಳವನನ್ನೂ ಹೆದರಿಸುತ್ತದೆ. ದಿನಗೂಲಿಯವನ ಪಾಡೇನು? ಈ ಪ್ರಶ್ನೆಗೆ ಒಂದು ಊರಿನ ಕಾರ್ಖಾನೆಯವರು ಕೂಡಿ ಕಂಡುಕೊಂಡ ಉತ್ತರವನ್ನು ಈ ಹೊತ್ತು ನಿಮ್ಮ ಮುಂದಿಡುತ್ತೇನೆ.

ಆ ಊರು ದೂರದ್ದು. ಆದರೂ ಅದರ ಆಸುಪಾಸು ನಮಗೆ ತೀರ ಅಪರಿಚಿತವಲ್ಲ. ನಿಮ್ಮ ಮನೆಗೆ ಮಂಗಳೂರು ಹೆಂಚು ಹೊದಿಸಿದ್ದರೆ ಒಮ್ಮೆ ತಲೆಯೆತ್ತಿ ನೋಡಿರಿ. ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕಚ್ಚಿ ಕೂರುವ ಈ ಬಗೆಯ ಹೆಂಚನ್ನು ರೂಪಿಸಿ 1841ರಲ್ಲಿ ಅದರ ಹಕ್ಕು ಪಡೆದವರು ಫ್ರಾನ್ಸಿನ ಆಲ್ಸೇಸ್ ಪ್ರಾಂತದ ಆಲ್ಟ್‌ಕಿರ್ಕ್ ಎಂಬ ಊರಿನ ಜಿಲಾರ್ಡೋನಿ ಸಹೋದರರು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಕಾರ್ಖಾನೆ ಹೂಡಿದ ಮೇಲೆ ಆ ಬಗೆಯ ಹೆಂಚು ನಮ್ಮ ನಾಡಿನ ಮನೆಗಳನ್ನು ಏರಿತು. ಆಲ್ಟ್‌ಕಿರ್ಕಿಗೆ ಹತ್ತಿರದಲ್ಲೇ ಇರುವ ಪಟ್ಟಣ ಮ್ಯುಲೂಜ್. ನಾನು ಹೇಳಹೊರಟಿರುವುದು ಅದರ ಕಥೆಯನ್ನು.

ಮ್ಯುಲೂಜ್ ನೂಲಿನ ಗಿರಣಿಗಳಿಗೂ ಬಣ್ಣದ ಅಚ್ಚು ಹಾಕಿದ ಚೀಟಿ ಬಟ್ಟೆಗೂ ಹೆಸರಾದ ಊರು. ಗಿರಣಿ ಬೆಳೆದಂತೆಲ್ಲ ಸುತ್ತಣ ಹಳ್ಳಿಗಳ ಜನ ಕೂಲಿಗಾಗಿ ಬಂದು ಮುತ್ತಿದರು. ವಿಲೆರ್ಮೆ ಎಂಬ ವೈದ್ಯನು ಅವರ ಸ್ಥಿತಿಯನ್ನು ಕಣ್ಣಾರೆ ಕಂಡು 1840ರಲ್ಲಿ ವರದಿಯೊಂದನ್ನು ಪ್ರಕಟಿಸಿದನು. ಒಂದೇ ಕೋಣೆಯಲ್ಲಿ ಎರಡು ಸಂಸಾರ. ಒಂದು ಮೂಲೆಯಲ್ಲಿ ಇವರು, ಇನ್ನೊಂದು ಮೂಲೆಯಲ್ಲಿ ಅವರು. ಹಾಸಿಗೆಯೆಂದರೆ ನೆಲದ ಮೇಲೆ ಹರಡಿದ ಹುಲ್ಲು. ಅಷ್ಟೂ ದೊರೆಯದವರು ಮಳೆ ಕೆಸರೆನ್ನದೆ ದೂರದ ಹಳ್ಳಿಗಳಿಂದ ನಡೆದೇ ಬರಬೇಕು. ಕಾರ್ಖಾನೆಯ ಒಡೆಯರಂಥವರ ಮಕ್ಕಳಲ್ಲಿ ಅರ್ಧದಷ್ಟು ಮಂದಿ ಇಪ್ಪತ್ತೊಂಬತ್ತರ ವಯಸ್ಸು ಕಾಣುತ್ತಿದ್ದರೆ, ನೇಯುವವರ ಮತ್ತು ನೂಲುವವರ ಮಕ್ಕಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ಕಣ್ಣು ಮುಚ್ಚುತ್ತಿದ್ದವೆಂದು ಅವನು ಲೆಕ್ಕ ತೆಗೆದು ತೋರಿಸಿದನು.

ಆ ಊರಿನ ಉದ್ಯಮಿಗಳಿಗೆ 1826ರಿಂದಲೂ ತಮ್ಮದೇ ಆದ ಒಂದು ಸಂಘವಿತ್ತು. ಕೂಲಿಕಾರರ ವಸತಿಯ ಮಾತು ಅಲ್ಲಿ ಚರ್ಚೆಗೆ ಬಂದಿತು. ಕೊನೆಗೆ 1853ರಲ್ಲಿ ಜಾಂ ಡಾಲ್ಫಸ್ ಎಂಬ ಗಿರಣಿಯ ಧಣಿಯ ಮುಂದಾಳುತನದಲ್ಲಿ ಹನ್ನೆರಡು ಮಂದಿ ಕೂಡಿ ಮನೆ ಕಟ್ಟುವ ಕಂಪನಿಯೊಂದನ್ನು ಹುಟ್ಟುಹಾಕಿದರು. ಒಂದಕ್ಕೆ 5,000 ಫ್ರಾಂಕಿನಂತೆ 60 ಷೇರು, ಒಟ್ಟು 3 ಲಕ್ಷ ಫ್ರಾಂಕು ಬಂಡವಾಳ. ಅದರಲ್ಲಿ 35 ಷೇರು ಡಾಲ್ಫಸನೊಬ್ಬನದೇ. ಸರ್ಕಾರವು ತನ್ನ ಪಾಲಿಗೆ 3 ಲಕ್ಷ ಫ್ರಾಂಕು ಸಹಾಯಧನ ಕೊಟ್ಟಿತು. ಈ ಹಣ ರಸ್ತೆಗಳಿಗೆ, ಸ್ನಾನದ ಮನೆ, ಬಟ್ಟೆ ಒಗೆಯುವ ಮನೆ ಮೊದಲಾದ ಎಲ್ಲರ ಬಳಕೆಯ ಕೆಲಸಗಳಿಗೆ ಒದಗಿತು.

ಮನೆಗಳ ನಕ್ಷೆ ಬರೆದವನು ಎಮೀಲ್ ಮ್ಯೂಲರ್. ಅವನೂ ಹೆಂಚಿನ ಊರಾದ ಆಲ್ಟ್‌ಕಿರ್ಕಿನಲ್ಲೇ ಹುಟ್ಟಿದವನು. ಅವನ ಉಪಾಯ ಬಹು ಸರಳ. ಹೋಳಿಗೆಯೊಂದನ್ನು ನಡುವೆ ಅಡ್ಡಲೂ ಉದ್ದಲೂ ಕತ್ತರಿಸಿದರೆ ನಾಲ್ಕು ಭಾಗವಾಗುವುದಷ್ಟೆ. ಹಾಗೆಯೇ ಒಂದು ಸೂರಿನಡಿ ನಾಲ್ಕು ಮನೆ. ಪ್ರತಿಯೊಂದಕ್ಕೂ ಎರಡು ಗೋಡೆ ನೆರೆಯವರೊಡನೆ ಪಾಲು. ಉಳಿದೆರಡು ಗಾಳಿ ಬೆಳಕಿಗೆ ತೆರೆದವು. ಗೋಡೆಯ ಖರ್ಚು ಉಳಿಯಿತು, ಬಾಗಿಲು ಮಾತ್ರ ಪ್ರತಿ ಸಂಸಾರಕ್ಕೂ ಬೇರೆ. ಜೊತೆಗೆ ಸೊಪ್ಪು ತರಕಾರಿ ಬೆಳೆದುಕೊಳ್ಳಲು ಅಂಗೈಯಗಲದ ತೋಟ.

ಇನ್ನು ಹಣದ ಮಾತು. ಮನೆಯನ್ನು ಕಟ್ಟಿದ ಅಸಲು ಬೆಲೆಗೇ ಮಾರಬೇಕು. ಷೇರುದಾರರು ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಲಾಭ ಪಡೆಯಕೂಡದು. ಕೊಳ್ಳುವವನು ಮೊದಲು 300 ಫ್ರಾಂಕಿನಷ್ಟು ಕಟ್ಟಿ, ಬಾಡಿಗೆಗಿಂತ ತುಸು ಹೆಚ್ಚಾದ ಕಂತನ್ನು ತಿಂಗಳು ತಿಂಗಳೂ ಸಲ್ಲಿಸುತ್ತ ಹೋದರೆ ಸುಮಾರು ಹದಿನೈದು ವರ್ಷಗಳಲ್ಲಿ ಮನೆ ಅವನದು. ಕೈಗೆ ಬಂದ ಮನೆಯನ್ನು ಲಾಭಕ್ಕಾಗಿ ಮಾರಿಬಿಡದಂತೆ ಹತ್ತು ವರ್ಷದ ನಿರ್ಬಂಧ. ಒಳಬಾಡಿಗೆಗೆ ಕೊಡಲೂ ಇಲ್ಲ.

ಇದೆಲ್ಲ ಬರಿಯ ಧರ್ಮಬುದ್ಧಿಯಿಂದ ನಡೆಯಿತೆಂದು ನಾನು ಹೇಳಲಾರೆ. ನೆಲೆ ನಿಂತ ಕೂಲಿಕಾರನು ಅಲ್ಲಿ ಇಲ್ಲಿ ಅಲೆಯನು, ಗಲಭೆಗೆ ಇಳಿಯನು ಎಂಬ ಲೆಕ್ಕಾಚಾರವೂ ಧಣಿಗಳ ಮನಸ್ಸಿನಲ್ಲಿ ಇದ್ದಿತು. ಆದರೆ ಇಲ್ಲೊಂದು ಸೂಕ್ಷ್ಮವುಂಟು. ಒಬ್ಬನೇ ಧಣಿ ಮನೆ ಕಟ್ಟಿಕೊಟ್ಟರೆ ಆ ಮನೆಯ ಬೀಗದ ಕೈ ಅವನ ಸೊಂಟದಲ್ಲೇ ಇರುತ್ತದೆ. ನಮ್ಮ ಹುಡುಗನ ತಂದೆಗೆ ಆದದ್ದು ಅದೇ. ಹಲವರು ಕೂಡಿ ಕಟ್ಟಿ, ಕಂತಿನ ಮೇಲೆ ಮಾರಿದ್ದರಿಂದ ಮ್ಯುಲೂಜಿನಲ್ಲಿ ಮನೆಗೂ ಗಿರಣಿಗೂ ಗಂಟು ಬೀಳಲಿಲ್ಲ. ಒಬ್ಬನ ಗಿರಣಿ ಬಿಟ್ಟು ಇನ್ನೊಬ್ಬನ ಗಿರಣಿಗೆ ಹೋದವನೂ ಸಂಜೆ ತನ್ನ ಮನೆಗೇ ಮರಳಬಹುದಾಗಿತ್ತು. ಆ ಪ್ರಯೋಗದ ಹಿರಿಮೆಯೆಲ್ಲ ಇದರಲ್ಲಿದೆಯೆಂದು ನನಗೆ ತೋರುತ್ತದೆ.

1871ರಲ್ಲಿ ಊರು ಜರ್ಮನಿಯ ಕೈಗೆ ಹೋಯಿತು. 1918ರಲ್ಲಿ ಫ್ರಾನ್ಸಿಗೆ ಮರಳಿತು. ಬಾವುಟ ಬದಲಾದರೂ ಮನೆಗಳ ಕೆಲಸ ನಿಲ್ಲಲಿಲ್ಲ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಅಲ್ಲಿ 1,200ಕ್ಕೂ ಮಿಕ್ಕಿ ಮನೆಗಳು ಎದ್ದಿದ್ದವು. ಆ ಕೇರಿ ಇಂದಿಗೂ ಇದೆ.

ಕೊರತೆಯನ್ನೂ ಹೇಳಬೇಕು. ಮೊದಲ 300 ಫ್ರಾಂಕು ಹೊಂದಿಸಲಾರದ ಕಡುಬಡವನಿಗೆ ಆ ಬಾಗಿಲು ತೆರೆಯಲಿಲ್ಲ. ಕಾಲ ಕಳೆದಂತೆ ಎಷ್ಟೋ ಮಂದಿ ತೋಟದ ಜಾಗದಲ್ಲಿ ಕೋಣೆ ಇಳಿಸಿ, ಮಹಡಿ ಏರಿಸಿ ಬಾಡಿಗೆಗೆ ಕೊಟ್ಟರು. ನಿರ್ಬಂಧಕ್ಕೆ ಅವಧಿಯಿದ್ದರೆ ಆಸೆಗೆ ಅವಧಿಯಿಲ್ಲ. ಇಂಥ ಕೆಲಸಕ್ಕೆ ಕೈಹಾಕುವವರು ಈ ಎರಡನ್ನೂ ಮೊದಲೇ ಯೋಚಿಸಬೇಕು: ಮೊದಲ ಕಂತಿಗೆ ಯಾರಾದರೂ ಜಾಮೀನು ನಿಲ್ಲಬೇಕು, ಅಗ್ಗವಾಗಿ ಕೊಂಡ ಮನೆ ಮುಂದಿನ ಬಡವನಿಗೂ ಅಗ್ಗವಾಗಿಯೇ ದೊರೆಯುವಂತೆ ಕರಾರು ಇರಬೇಕು.

ನಮ್ಮ ನಾಡಿನ ವರ್ತಕರು ಹಿಂದಿನಿಂದಲೂ ಕೊಡುಗೈಯವರು. ಛತ್ರ ಕಟ್ಟಿಸಿದರು, ಅರವಟ್ಟಿಗೆ ಇಡಿಸಿದರು. ದಾರಿಹೋಕನಿಗೆ ಒಂದು ರಾತ್ರಿಯ ಆಶ್ರಯ ಕೊಡುವುದು ಪುಣ್ಯವಾದರೆ, ನಮ್ಮ ಅಂಗಡಿಯಲ್ಲೇ ಮೂಟೆ ಹೊರುವವನಿಗೆ, ನಮ್ಮ ಗಿರಣಿಯಲ್ಲೇ ಹಿಟ್ಟು ಬೀಸುವವನಿಗೆ ಬಾಳೆಲ್ಲ ಉಳಿಯುವ ನೆಲೆ ಒದಗಿಸುವುದು ಅದಕ್ಕಿಂತ ಕಡಿಮೆಯ ಪುಣ್ಯವೇ? ಇಲ್ಲಿ ದಾನವನ್ನೂ ಯಾರೂ ಬೇಡುತ್ತಿಲ್ಲ. ಹಾಕಿದ ಅಸಲು ಮರಳಿ ಬರುತ್ತದೆ, ಮಿತವಾದ ಬಡ್ಡಿಯೂ ಬರುತ್ತದೆ; ಬಿಡಬೇಕಾದದ್ದು ಹೆಚ್ಚಿನ ಲಾಭದ ಆಸೆಯೊಂದನ್ನೇ. ನಿಮ್ಮ ಊರಿನ ವರ್ತಕರ ಸಂಘ ಮುಂದೆ ಸಭೆ ಸೇರಿದಾಗ, ಇದನ್ನು ಓದಿದ ನೀವು ಎದ್ದು ನಿಂತು ಈ ಮಾತನ್ನು ಎತ್ತಬಾರದೇಕೆ?

ಆ ಹುಡುಗನ ನೋಟ್‌ಬುಕ್ಕು ತಿಂಗಳ ಮೇಲೆ ಪಾತ್ರೆಗಳ ಗಂಟಿನಲ್ಲಿ ದೊರೆಯಿತು. ತಂದು ತೋರಿಸಿದ. ಹಾಳೆಗಳಿಗೆ ಮಸಿ ಹತ್ತಿತ್ತು. ಅಷ್ಟರಲ್ಲಿ ಅವರು ಇನ್ನೊಂದು ಮನೆ ಬದಲಾಯಿಸಿಯಾಗಿತ್ತು.