ಗೋಷ್ಠಿಯ ಗಂಟೆ



ಬಸವಾದಿ ಶರಣರನ್ನು ನೆನೆದು ಇಂದು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ವಿಷಯ ದೊಡ್ಡ ತತ್ತ್ವದ್ದಲ್ಲ. ಹತ್ತು ಜನ ಕೂಡಿ ಮಾತನಾಡುವಲ್ಲಿ ಮಾತಿಗೆ ಕಟ್ಟು ಹಾಕುವವರು ಯಾರು, ಅದನ್ನು ಹೇಗೆ ಹಾಕಬೇಕು ಎಂಬುದಷ್ಟೇ. ನೋಡಲು ಸಣ್ಣದು. ಆದರೆ ಎಷ್ಟೋ ಊರುಗಳಲ್ಲಿ ಭಜನಾ ಮಂಡಳಿಗಳು, ಸಂಘಗಳು, ಗೋಷ್ಠಿಗಳು ಒಡೆದುಹೋದದ್ದು ತತ್ತ್ವದ ಭೇದದಿಂದಲ್ಲ. ಒಬ್ಬರು ಇನ್ನೊಬ್ಬರಿಗೆ ಆಡಿದ ಮಾತಿನಿಂದ ಒಡೆದವು. ಆ ಮಾತನ್ನು ತಡೆದ ರೀತಿಯಿಂದಲೂ ಒಡೆದವು.

12ನೆಯ ಶತಮಾನದ ಕಲ್ಯಾಣವನ್ನು ನೆನೆಯಿರಿ. ಅಂಬಿಗರು, ಮಡಿವಾಳರು, ಮೇದಾರರು, ಚಮ್ಮಾರರು, ಸೌದೆ ಹೊರುವವರು, ಹೆಣ್ಣುಮಕ್ಕಳು ಎಲ್ಲರೂ ಅಲ್ಲಿ ಕೂಡಿದರು. ಅಷ್ಟು ಬಗೆಯ ಜನ ಒಂದೆಡೆ ಕುಳಿತಾಗ ಮಾತು ಬಿರುಸಾಗದೆ ಇದ್ದೀತೇ? ಬಿರುಸಾಯಿತು. ಆದರೆ ಆ ಸಭೆಯ ಒಂದು ಏರ್ಪಾಡನ್ನು ಗಮನಿಸಿ. ಬಸವಣ್ಣನವರು ಬಿಜ್ಜಳನ ಭಂಡಾರಿ. ಮಹಾಮನೆ ಅವರದು, ದಾಸೋಹ ಅವರದು, ಅಧಿಕಾರ ಅವರದು. ಶೂನ್ಯಸಿಂಹಾಸನದ ಮೇಲೆ ಕುಳಿತವರು ಮಾತ್ರ ಅಲ್ಲಮಪ್ರಭುಗಳು. ಅವರಿಗೆ ಮನೆಯಿಲ್ಲ, ಪದವಿಯಿಲ್ಲ, ಊರೂರು ನಡೆಯುವ ಜಂಗಮ. ಅನ್ನ ನೀಡುವ ಕೈ ಬೇರೆ, ಮಾತನ್ನು ತೂಗುವ ಕೈ ಬೇರೆ. ಭಂಡಾರದ ಕೀಲಿಯೂ ಸಭೆಯ ಹಿಡಿತವೂ ಒಂದೇ ಕೈಯಲ್ಲಿದ್ದರೆ ಉಳಿದವರ ನಾಲಿಗೆ ಮೇಲೇಳುವುದಿಲ್ಲ ಎಂಬುದು ಶರಣರಿಗೆ ಗೊತ್ತಿತ್ತು.

ಪ್ರಭುಗಳೇನು ಸಿಹಿ ಮಾತಿನವರೇ? ಅಲ್ಲ. ಶೂನ್ಯಸಂಪಾದನೆಯನ್ನು ಓದಿದವರಿಗೆ ಇದು ತಿಳಿದಿದೆ. ಉಡುತಡಿಯಿಂದ ಒಬ್ಬಳೇ ನಡೆದುಬಂದ ಅಕ್ಕಮಹಾದೇವಿಯನ್ನು ಅವರು ತುಂಬಿದ ಸಭೆಯಲ್ಲಿ ಕೇಳಿದರು: ನಿನ್ನ ಗಂಡನಾರು? ಉಡುಗೆ ಬಿಟ್ಟವಳು ಕೂದಲಿನಿಂದ ಮೈ ಮುಚ್ಚಿಕೊಂಡದ್ದೇಕೆ? ಬಹಳ ಕಠಿಣ ಪ್ರಶ್ನೆ. ಆದರೆ ಪ್ರಶ್ನೆಯ ಹಿಂದೆ ಉತ್ತರಕ್ಕೆ ಎಡೆಯಿತ್ತು. ಅಕ್ಕ ಉತ್ತರಿಸಿದಳು. ಕೇಳಿದವರೇ ಮೊದಲು ಅವಳ ಹಿರಿಮೆಯನ್ನು ಒಪ್ಪಿದರು. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸುತ್ತಿದ್ದ ಸಿದ್ಧರಾಮರನ್ನೂ ಪ್ರಭುಗಳು ಹಗುರವಾಗಿ ಕರೆದು ಕೆಣಕಿದರು. ಕೆಲಸದ ಜನ ಸಿಟ್ಟಾಗಿ ಕಲ್ಲೆಸೆದರು ಎಂದು ಕಥೆಯಲ್ಲಿ ಬರುತ್ತದೆ. ಮುಂದೇನಾಯಿತು? ಪ್ರಭುಗಳು ಸಿದ್ಧರಾಮರನ್ನು ಅಲ್ಲಿಯೇ ಬಿಟ್ಟು ಬರಲಿಲ್ಲ, ಜೊತೆಯಲ್ಲಿ ಕಲ್ಯಾಣಕ್ಕೆ ಕರೆದುತಂದರು. ಬಿರುಸು ನುಡಿದವರು ಕೈ ಬಿಡಲಿಲ್ಲ. ಇದು ನಾವು ಕಲಿಯಬೇಕಾದ ಮಾತು.

ಇನ್ನೊಂದು ಪ್ರಸಂಗ ಮನೆಯೊಳಗಿನದು. ಆಯ್ದಕ್ಕಿ ಮಾರಯ್ಯನವರ ಕಾಯಕ ಬಿದ್ದ ಅಕ್ಕಿಯನ್ನು ಆಯುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಹೆಂಡತಿ ಲಕ್ಕಮ್ಮ ಅದನ್ನು ಒಲೆಗೆ ಇಡಲಿಲ್ಲ. ಹೆಚ್ಚಾದದ್ದನ್ನು ತಂದಲ್ಲಿಯೇ ಸುರಿದು ಬನ್ನಿರೆಂದಳು. ಊರಿಗೆ ಸಾರಲಿಲ್ಲ, ಗಂಡನನ್ನು ಕಳ್ಳನೆನ್ನಲಿಲ್ಲ. ತಪ್ಪನ್ನು ತಪ್ಪಿನ ಅಳತೆಯಷ್ಟೇ ಹಿಡಿದಳು. ಮಾರಯ್ಯನವರೂ ಬೇಸರಿಸದೆ ನಡೆದರು.

ಇಷ್ಟೆಲ್ಲ ಓದಿ, ಹೇಳಿ, ಕೊನೆಗೆ ನಾವೇ ತಪ್ಪಿದೆವು. ಅದನ್ನು ನಿಮ್ಮೆದುರು ಹೇಳದೆ ಹೋದರೆ ಈ ಉಪದೇಶಕ್ಕೆ ಬೆಲೆಯಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಸೋಮವಾರದ ಗೋಷ್ಠಿಯಲ್ಲಿ ಒಬ್ಬ ತರುಣ ಎದ್ದು ನಿಂತ. ಸೈಕಲ್ ರಿಪೇರಿ ಮಾಡಿ ಬದುಕುವವನು. ದಾಸೋಹಕ್ಕೆ ಬಂದ ಜೋಳದ ಲೆಕ್ಕವನ್ನು ಸಭೆಯಲ್ಲಿ ಓದುವುದಿಲ್ಲವೇಕೆ ಎಂದು ಕೇಳಿದ. ಕೇಳುವಾಗ ಹಿರಿಯರೊಬ್ಬರನ್ನು ಏಕವಚನದಲ್ಲಿ ಕರೆದ. ನಮಗೆ ಸಿಟ್ಟು ಬಂದಿತು. ಎದ್ದು ಹೊರಗೆ ಹೋಗು ಎಂದೆವು. ಹೋದ. ಸಭೆ ಶಾಂತವಾಯಿತು, ಶಿಸ್ತು ಉಳಿಯಿತು ಎಂದುಕೊಂಡೆವು.

ಮಂಗಲವಾದ ಮೇಲೆ ಮಠದ ಅಂಗಳ ಗುಡಿಸುವ ವೃದ್ಧ ತಾಯಿಯೊಬ್ಬರು ಬಂದು ನಿಂತರು. "ಅಜ್ಜಾರ, ಹುಡುಗನ ಮಾತು ಒರಟ ಇತ್ತು, ಖರೆ. ಆದ್ರ ಹ್ವಾದ ವಾರ ಸಾವಕಾರ್ರು ಅಂದದ್ದು ನಿಮ್ಮ ಕಿವಿಗೆ ಬೀಳಲಿಲ್ಲೇನ್ರಿ?" ಎಂದರು.

ಬಿದ್ದಿತ್ತು. ಹಿಂದಿನ ವಾರ ಮಠಕ್ಕೆ ದೊಡ್ಡ ದಾನ ಕೊಟ್ಟವರೊಬ್ಬರು ಇನ್ನೊಬ್ಬರ ಹುಟ್ಟಿನ ಬಗ್ಗೆ ಆಡಬಾರದ ಮಾತು ಆಡಿದ್ದರು. ನಾವು ನಕ್ಕು ಮಾತು ತಿರುಗಿಸಿದ್ದೆವು. ಬಡವನ ಒರಟುತನಕ್ಕೆ ಬಾಗಿಲು, ಸಿರಿವಂತನ ಕೀಳುನುಡಿಗೆ ನಗು. ಆ ತಾಯಿಗೆ ಕೊಡಲು ನಮ್ಮಲ್ಲಿ ಉತ್ತರವಿರಲಿಲ್ಲ.

ಮೂರನೆಯ ದಿನ ಅವನ ಅಂಗಡಿಗೆ ಹೋದೆವು. "ನಿನ್ನ ಪ್ರಶ್ನೆ ಸರಿ, ಹಿರಿಯರನ್ನು ಕರೆದ ಬಗೆ ಸರಿಯಲ್ಲ. ಎರಡನ್ನೂ ಬೇರೆ ಮಾಡಿ ಹೇಳುವುದು ನಮ್ಮ ಕೆಲಸವಾಗಿತ್ತು, ನಾವು ಮಾಡಲಿಲ್ಲ" ಎಂದೆವು. ಅವನು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ನಮಸ್ಕರಿಸಿ, "ಬರ್ತೀನ್ರಿ ಅಜ್ಜಾರ" ಎಂದ. ಬಂದದ್ದು ನಾಲ್ಕು ತಿಂಗಳ ಮೇಲೆ. ಈಗಲೂ ಬರುತ್ತಾನೆ, ಬಾಗಿಲ ಹತ್ತಿರ ಕುಳಿತುಕೊಳ್ಳುತ್ತಾನೆ. ಆದರೆ ಇಂದಿನವರೆಗೆ ಒಂದು ಪ್ರಶ್ನೆಯನ್ನೂ ಕೇಳಿಲ್ಲ. ಅಂದು ನೋಡುತ್ತ ಕುಳಿತಿದ್ದ ಹುಡುಗರೂ ಬಹುದಿನ ಬಾಯಿ ಬಿಡಲಿಲ್ಲ. ಹೊರಗೆ ಕಳಿಸಿದ್ದು ಒಬ್ಬನನ್ನು, ಬಾಯಿ ಕಟ್ಟಿದ್ದು ಹಲವರದನ್ನು.

ಆಮೇಲೆ ನಾವು ಇನ್ನೊಂದು ತಪ್ಪು ಮಾಡಿದೆವು. ಯಾರನ್ನೂ ತಡೆಯುವುದು ಬೇಡವೆಂದು ಸುಮ್ಮನೆ ಕುಳಿತೆವು. ಆಗ ಗಟ್ಟಿ ಗಂಟಲಿನ ಇಬ್ಬರು ಗೋಷ್ಠಿಯನ್ನೆಲ್ಲ ಹಿಡಿದುಕೊಂಡರು. ಹೊಲದ ಬದುವಿನ ಜಗಳ ಲಿಂಗತತ್ತ್ವದ ಮಾತಿನೊಳಗೆ ಬಂದಿತು. ಎರಡು ತಿಂಗಳಲ್ಲಿ ತಾಯಂದಿರ ಸಾಲು ಖಾಲಿಯಾಯಿತು. ಅವರನ್ನು ಯಾರೂ ಹೋಗೆನ್ನಲಿಲ್ಲ. ಕಟ್ಟಿಲ್ಲದ ಸಭೆಯೇ ಅವರನ್ನು ಕಳಿಸಿತು. ಆದ್ದರಿಂದ, ತಡೆಯದಿರುವುದೇ ದಯೆ ಎಂದು ತಿಳಿಯಬೇಡಿ. ಅದು ಜೋರಿನವನಿಗೆ ದಯೆ, ಮೆತ್ತಗಿನವನಿಗೆ ಶಿಕ್ಷೆ.

ರೈತರಾದ ನಿಮಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಜೋಳದ ಹೊಲದಲ್ಲಿ ಎಡೆ ಹೊಡೆಯುವಾಗ ಕುಂಟೆ ಹಿಡಿದವನು ಸಾಲು ನೋಡದೆ ನಡೆದರೆ ಕಸದೊಡನೆ ಬೆಳೆಯೂ ಕೊಯ್ದು ಬೀಳುತ್ತದೆ. ಬೆಳೆ ಕೊಯ್ದೀತೆಂಬ ಅಂಜಿಕೆಯಿಂದ ಎಡೆಯನ್ನೇ ಹೊಡೆಯದಿದ್ದರೆ ಕಸ ಬೆಳೆಯನ್ನು ನುಂಗುತ್ತದೆ. ಬೆಳೆ ಸೊಂಟದೆತ್ತರ ಬಂದ ಮೇಲೆ ಕುಂಟೆ ಒಳಗೆ ಹೋಗುವುದೇ ಇಲ್ಲ. ಹೊತ್ತಿಗೆ ಸರಿಯಾಗಿ, ಸಾಲು ನೋಡಿ ಹೊಡೆಯಬೇಕು.

ಈಗ ನಮ್ಮ ಗೋಷ್ಠಿಗೆ ಕೆಲವು ಕಟ್ಟುಗಳಿವೆ. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಮಾತನಾಡಬಾರದು. ಮಾತನ್ನು ಖಂಡಿಸಬಹುದು, ಆಡಿದವನ ಹುಟ್ಟನ್ನು, ಮನೆತನವನ್ನು ಎತ್ತಬಾರದು. ತಪ್ಪಿದವರಿಗೆ ಮೊದಲು ಗಂಟೆಯ ಸದ್ದು. ಎರಡನೆಯ ಸಲ ಏಕಾಂತದಲ್ಲಿ ಬುದ್ಧಿಮಾತು. ಮೂರನೆಯ ಸಲ ಕೆಲವು ವಾರ ಬಂದು ಕೇಳಬಹುದು, ಮಾತನಾಡುವಂತಿಲ್ಲ. ಎಷ್ಟು ವಾರವೆಂಬುದನ್ನು ಅಂದೇ ತಿಳಿಸಬೇಕು. ಅದಕ್ಕೂ ಬಗ್ಗದವರಿಗೆ ಮಾತ್ರ ಬಾಗಿಲು. ಬಾಗಿಲು ತೋರಿಸಿದವರೇ ಒಂದು ತಿಂಗಳೊಳಗೆ ಅವರ ಮನೆಗೆ ಹೋಗಿ ಬರಬೇಕು. ಕಳಿಸಿದವರಿಗೆ ಕರೆಯುವ ಹೊಣೆಯೂ ಇರಲಿ ಎಂದು ಈ ಕೊನೆಯ ಕಟ್ಟನ್ನು ನಾವೇ ಸೇರಿಸಿದೆವು. ಆ ಹೊಣೆಯಿದ್ದರೆ ಸಿಟ್ಟಿನ ಕೈ ತಾನಾಗಿ ತಡೆಯುತ್ತದೆ.

ಗಂಟೆಯನ್ನು ನಾವು ಇಟ್ಟುಕೊಂಡಿಲ್ಲ. ಮಠದ ಕೀಲಿ ನಮ್ಮಲ್ಲಿರುವಾಗ ಗಂಟೆಯೂ ನಮ್ಮಲ್ಲಿರುವುದು ಸಲ್ಲದು. ಮೂವರನ್ನು ಸಭೆಯೇ ಆರಿಸುತ್ತದೆ, ಆರು ತಿಂಗಳಿಗೊಮ್ಮೆ ಬದಲಾಗುತ್ತಾರೆ. ದಾಸೋಹದ ಲೆಕ್ಕವನ್ನೂ ಪ್ರತಿ ಅಮಾವಾಸ್ಯೆಯ ಮರುವಾರ ಓದುತ್ತೇವೆ. ಅದು ಆ ತರುಣ ಕೇಳಿದ ಪ್ರಶ್ನೆಗೆ ಉತ್ತರ. ಅವನು ಮತ್ತೊಂದು ಪ್ರಶ್ನೆ ಕೇಳಲಿ ಎಂದು ಕಾಯುತ್ತಿದ್ದೇವೆ.

ಬಂಧುಗಳೇ, ನಿಮ್ಮ ಮನೆಯಲ್ಲಿ, ಸಂಘದಲ್ಲಿ, ಪಂಚಾಯತಿಯಲ್ಲಿ ನಾಲ್ಕು ಜನರಿಗೆ ಹೇಳುವ ಸ್ಥಾನ ನಿಮಗೆ ಬಂದಾಗ ಇಷ್ಟನ್ನು ನೆನಪಿಡಿ. ತಪ್ಪನ್ನು ಹಿಡಿಯಿರಿ, ಮನುಷ್ಯನನ್ನು ಬಿಡಬೇಡಿ. ಸಾವಕಾರನಿಗೂ ಕೂಲಿಯವನಿಗೂ ಒಂದೇ ಅಳತೆಯಿರಲಿ. ನಿಮ್ಮನ್ನು ತಡೆಯಬಲ್ಲ ಒಂದು ಕೈಯನ್ನು ನೀವೇ ನೇಮಿಸಿಕೊಳ್ಳಿರಿ.

ಕಳೆದ ಕಾರ್ತಿಕದಲ್ಲಿ ನಮ್ಮ ಮಾತು ಉದ್ದವಾದಾಗ ಅಂಗಳ ಗುಡಿಸುವ ಅದೇ ತಾಯಿ ಗಂಟೆ ಬಾರಿಸಿದರು. ನಾವು ಕುಳಿತೆವು. ಇಂದೂ ಗಂಟೆ ಅವರ ಕೈಯಲ್ಲಿಯೇ ಇದೆ. ಅವರು ಬಾರಿಸುವ ಮೊದಲೇ ಮಾತು ಮುಗಿಸುತ್ತೇವೆ.