ದಾನ ಮತ್ತು ಧಾರಣಶಕ್ತಿ

ದಾನಿಗಳು ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಕಾರ್ಯಕ್ಕೆ ಹಣ ನೀಡುತ್ತಾರೆ; ಅದನ್ನು ನಡೆಸುವವರ ತರಬೇತಿಗೆ, ಸಂಬಳಕ್ಕೆ, ಲೆಕ್ಕಪತ್ರಕ್ಕೆ, ಮುಂದಾಲೋಚನೆಗೆ ನೀಡಲು ಹಿಂಜರಿಯುತ್ತಾರೆ. ಇಂಥ ಮಾತು ಬಂದಾಗಲೆಲ್ಲ ನನಗೆ ನೆನಪಾಗುವುದು ಹೆಗ್ಗೋಡಿನ ನೀನಾಸಂ. 1949ರಲ್ಲಿ ಹುಟ್ಟಿದ ಆ ಸಂಸ್ಥೆ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. ಅದೇ ದಶಕದಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನ ‘ಜನಸ್ಪಂದನ’ ಯೋಜನೆ ಊರೂರುಗಳಲ್ಲಿ ನಾಟಕ, ಚಲನಚಿತ್ರಗಳ ಶಿಬಿರಗಳನ್ನು ನಡೆಸಿತು. ನೆರವಿನ ಅವಧಿ ತೀರಿತು. ಆದರೆ 1985ರಲ್ಲಿ ಹೊರಟ ‘ತಿರುಗಾಟ’ ನಿಲ್ಲಲಿಲ್ಲ. ಕಲಿತ ಜನ ಉಳಿದಿದ್ದರಷ್ಟೆ.

2020ರ ಕಾನೂನು ತಿದ್ದುಪಡಿಯಾದರೋ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕಿದ್ದ ಮಿತಿಯನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿದೆ. ಆದುದರಿಂದ ನಮ್ಮ ನಾಡಿನ ಪ್ರತಿಷ್ಠಾನಗಳೇ ಈ ಹೊಣೆಯನ್ನು ಹೊರಬೇಕೆಂದು ನಾನು ಭಾವಿಸುತ್ತೇನೆ. ದೀಪಕ್ಕೆ ಎಣ್ಣೆ ಎರೆದರೆ ಸಾಲದು. ಬತ್ತಿ ಹೊಸೆಯುವವರನ್ನೂ ಬೆಳೆಸಬೇಕು.